ಮರುಳುಗಳ ಬೀಡಿನಲ್ಲಿ ಒಬ್ಬ ಅರಸ

ಉತ್ತರ ಕರ್ನಾಟಕದ ದೊಡ್ಡ ಜಾತ್ರೆಗಳಲ್ಲಿ ಬಳೆಗಾರರ ಸಾಲು ಮುಗಿದು, ಬೆಂಡು-ಬತ್ತಾಸದ ಅಂಗಡಿ ದಾಟಿ, ತಿರುಗುವ ತೊಟ್ಟಿಲು ಹಾಗೂ ಬಾವಿಯೊಳಗೆ ಮೋಟಾರ್ ಸೈಕಲ್ ಓಡಿಸುವ ಆಟದ ಆಚೆಗೆ ಕೆಲವೊಮ್ಮೆ ಕರಿ ಪರದೆಯ ಡೇರೆಯೊಂದು ಕಾಣಸಿಗುತ್ತದೆ. ಹೊರಗೆ ಕೋರೆಹಲ್ಲಿನ ಚಿತ್ರ, ಮೇಲೆ 'ಭೂತ ಬಂಗ್ಲಾ' ಎಂಬ ಬೋರ್ಡು. ಚೀಟಿ ಕೊಟ್ಟು ಒಳಹೊಕ್ಕರೆ ಇಕ್ಕಟ್ಟಾದ ಕತ್ತಲ ದಾರಿ. ಒಂದು ತಿರುವಿನಲ್ಲಿ ಅಸ್ಥಿಪಂಜರ, ಮುಂದಿನದರಲ್ಲಿ ಬಿಳಿ ಸೀರೆಯ ಹೆಂಗಸು, ಅದರಾಚೆ ಕತ್ತು ಕತ್ತರಿಸಿದ ಬೊಂಬೆ. ಮಕ್ಕಳು ಚೀರುತ್ತಾರೆ, ದೊಡ್ಡವರು ಚೀರದಂತೆ ತುಟಿ ಬಿಗಿಹಿಡಿಯುತ್ತಾರೆ, ಹೊರಬಂದ ಮೇಲೆ ಎಲ್ಲರೂ ನಗುತ್ತಾರೆ.

ಈ ಡೇರೆಯ ಸಿರಿವಂತ ಬಂಧುಗಳು ಅಮೆರಿಕದಲ್ಲಿದ್ದಾರೆ. ಅಲ್ಲಿನ ಮನರಂಜನಾ ಉದ್ಯಾನಗಳಲ್ಲಿ ಕತ್ತಲ ಕೋಣೆಗಳ ನಡುವೆ ಹಳಿಯ ಮೇಲೆ ಓಡುವ ಪುಟ್ಟ ಗಾಡಿಗಳು 1920ರ ದಶಕದ ಕೊನೆಯ ಹೊತ್ತಿಗೇ ಬಳಕೆಗೆ ಬಂದಿದ್ದವು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1969ರ ಆಗಸ್ಟ್‌ನಲ್ಲಿ ತೆರೆದ 'ಹಾಂಟೆಡ್ ಮ್ಯಾನ್ಷನ್' ಇವುಗಳಲ್ಲೆಲ್ಲ ಹೆಸರಾದದ್ದು. ಆ ಮಹಲಿನಲ್ಲಿ 999 ಭೂತಗಳಿವೆಯಂತೆ, ಸಾವಿರನೆಯ ಜಾಗ ಇನ್ನೂ ಖಾಲಿ ಇದೆಯಂತೆ. ಬಂದವರನ್ನು ಅದು ತಮಾಷೆಯಾಗಿ ಕೇಳುವುದು ಆ ಜಾಗಕ್ಕೆ ನೀವು ಬರುತ್ತೀರಾ ಎಂದು.

ಭಯದ ಚಿತ್ರಕಥೆಗಳು ಇದೇ ಜಾಡಿನಲ್ಲಿ ಬೆಳೆದವು. 1950ರಲ್ಲಿ ಅಮೆರಿಕದ ಇ.ಸಿ. ಕಾಮಿಕ್ಸ್ ಸಂಸ್ಥೆ ಹೊರತಂದ 'ಟೇಲ್ಸ್ ಫ್ರಮ್ ದಿ ಕ್ರಿಪ್ಟ್' ಪತ್ರಿಕೆಯಲ್ಲಿ ಗೋರಿ ಕಾಯುವ ಮುದುಕನೊಬ್ಬ ಓದುಗರನ್ನು ಬರಮಾಡಿಕೊಂಡು ಒಂದೊಂದೇ ಕತೆ ಹೇಳುತ್ತಿದ್ದ. ಕತೆಗಳು ಬೇರೆ ಬೇರೆ, ಜಾಗ ಒಂದೇ. ದೆವ್ವ ಹಿಡಿದ ಮಹಲು, ಪಾಳುಬಿದ್ದ ಉದ್ಯಾನ, ಸ್ಮಶಾನ, ಏನೇ ಇರಲಿ, ಒಬ್ಬ ಮನುಷ್ಯ ಅದರೊಳಗೆ ನಡೆಯುತ್ತಾ ಹೋಗಬೇಕು, ಅವನು ನಿಂತಲ್ಲೆಲ್ಲ ಒಂದು ಕತೆ ತೆರೆದುಕೊಳ್ಳಬೇಕು. ಈ ಬಗೆಯ ಸಂಕಲನಗಳ ಕಟ್ಟೋಣವೇ ಇದು.

ಕನ್ನಡದ ಮಕ್ಕಳಿಗೆ ಇದು ಹೊಸದೇನಲ್ಲ. 1949ರ ಜುಲೈಯಲ್ಲಿ ಕನ್ನಡಕ್ಕೆ ಬಂದ 'ಚಂದಮಾಮ'ದ ಬೇತಾಳ ಕತೆಗಳನ್ನು ಓದಿ ಬೆಳೆದ ತಲೆಮಾರುಗಳಿಗೆ, ಹೆಗಲ ಮೇಲೆ ಹೆಣ ಹೊತ್ತು, ಕತ್ತಿ ಹಿರಿದು, ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರ ಮರೆಯುವಂಥದಲ್ಲ. ಅದನ್ನು ಬರೆದ ಕಲಾವಿದ ಶಂಕರ್ 2020ರಲ್ಲಿ ತೀರಿಕೊಂಡರು. ಈ ಕತೆಗಳನ್ನು ಕಾಶ್ಮೀರದ ಸೋಮದೇವ ಹನ್ನೊಂದನೆಯ ಶತಮಾನದಲ್ಲಿ 'ಕಥಾಸರಿತ್ಸಾಗರ'ದೊಳಗೆ ಸೇರಿಸಿದ. ಆದರೆ ಸೋಮದೇವನಿಗಿಂತಲೂ ಅರ್ಧ ಶತಮಾನಕ್ಕೂ ಮೊದಲು, ಇಂದಿನ ಜಮಖಂಡಿ-ಮುಧೋಳ ಸೀಮೆಯ ಒಬ್ಬ ಕವಿ ಒಬ್ಬ ಅರಸನನ್ನು ದೆವ್ವಗಳ ಬೀಡಿನಲ್ಲಿ ನಡೆಸಿದ್ದ. ಆ ಕವಿ ರನ್ನ, ಆ ಕಾವ್ಯ 'ಸಾಹಸಭೀಮ ವಿಜಯಂ', ಅಂದರೆ 'ಗದಾಯುದ್ಧ'.

ರನ್ನ ತನ್ನ ಊರನ್ನು ಬಚ್ಚಿಟ್ಟವನಲ್ಲ. ಬೆಳುಗುಲಿ ಐನೂರರಲ್ಲಿ ಸೇರಿದ ಜಂಬುಖಂಡಿ ಎಪ್ಪತ್ತು ಎಂಬ ನಾಡಿನ ಮುದುವೊಳಲು ಅವನ ಹುಟ್ಟೂರು. ಜಂಬುಖಂಡಿ ಎಂದರೆ ಇಂದಿನ ಜಮಖಂಡಿ, ಮುದುವೊಳಲು ಎಂದರೆ ಮುಧೋಳ. ಹತ್ತಿರದ ಬೆಳಗಲಿಯನ್ನು ಇಂದು ರನ್ನ ಬೆಳಗಲಿ ಎಂದೇ ಕರೆಯುತ್ತಾರೆ. ಕ್ರಿ.ಶ. 949ರಲ್ಲಿ ಹುಟ್ಟಿದ ಈತ ಜೈನ, ಬಳೆಗಾರರ ಮನೆಯವನು. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರ ಹೊತ್ತು ಊರೂರು ತಿರುಗುವ ಮನೆತನದ ಹುಡುಗ ಅಜಿತಸೇನಾಚಾರ್ಯರಲ್ಲಿ ಓದಿ, ಚಾವುಂಡರಾಯನ ಮತ್ತು ಅತ್ತಿಮಬ್ಬೆಯ ಆಶ್ರಯ ಪಡೆದು, ಚಾಲುಕ್ಯ ಚಕ್ರವರ್ತಿ ತೈಲಪನಿಂದ 'ಕವಿಚಕ್ರವರ್ತಿ' ಎನಿಸಿಕೊಂಡ. 993ರಲ್ಲಿ ಮುಗಿದ 'ಅಜಿತಪುರಾಣ' ಅತ್ತಿಮಬ್ಬೆಗಾಗಿ ಬರೆದದ್ದು. 'ಗದಾಯುದ್ಧ'ದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 982 ಎಂದು ಕೆಲವರು, ಒಂದೆರಡು ದಶಕಗಳ ನಂತರ ಎಂದು ಕೆಲವರು ಹೇಳುತ್ತಾರೆ. ಕಾವ್ಯದ ನಾಯಕ ಭೀಮ. ಆ ಭೀಮನಲ್ಲಿ ಕವಿ ಕಂಡದ್ದು ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು.

ಹತ್ತು ಆಶ್ವಾಸಗಳ ಈ ಚಂಪೂಕಾವ್ಯದ ಕತೆ ಭಾರತಯುದ್ಧದ ಕೊನೆಯ ದಿನದ್ದು. ಹದಿನೇಳು ದಿನಗಳ ಕಾದಾಟ ಮುಗಿದುಹೋಗಿದೆ. ಉಳಿದದ್ದನ್ನೆಲ್ಲ ರನ್ನ ಹಿಂತಿರುಗಿ ನೋಡುತ್ತಾ ಹೇಳುತ್ತಾನೆ. ನಡೆಯುವ ಸಿಂಹ ನಡುನಡುವೆ ನಿಂತು ಹಿಂದಕ್ಕೆ ಕತ್ತು ತಿರುಗಿಸುತ್ತದೆಯಲ್ಲ, ಅದು ಸಿಂಹಾವಲೋಕನ. ತನ್ನ ಕಥನಕ್ರಮಕ್ಕೆ ಕವಿಯೇ ಇಟ್ಟ ಹೆಸರು ಅದು. ಇಂದು ಸಿನಿಮಾದವರು ಫ್ಲ್ಯಾಷ್‌ಬ್ಯಾಕ್ ಎನ್ನುವುದಕ್ಕಿಂತ ಎಷ್ಟು ಚೆಂದದ ಮಾತು! ಹಿಂತಿರುಗಿ ನೋಡಬೇಕಾದರೆ ನಿಲ್ಲಲು ಒಂದು ನೆಲೆ ಬೇಕು. ಆ ನೆಲೆಗಳಲ್ಲಿ ಮುಖ್ಯವಾದದ್ದನ್ನು ರನ್ನ ಕುರುಕ್ಷೇತ್ರದ ರಣರಂಗದಲ್ಲೇ ಆರಿಸಿಕೊಂಡ.

ಸಂದರ್ಭ ಹೀಗಿದೆ. ಸೇನೆ ಅಳಿದಿದೆ. ಧೃತರಾಷ್ಟ್ರ, ಗಾಂಧಾರಿ ಮಗನನ್ನು ಹುಡುಕಿಕೊಂಡು ಬಂದು ಸಂಧಿ ಮಾಡಿಕೋ ಎಂದು ಅಂಗಲಾಚುತ್ತಾರೆ. ದುರ್ಯೋಧನ ಒಪ್ಪುವುದಿಲ್ಲ. ಹಾಗಾದರೆ ಭೀಷ್ಮನನ್ನಾದರೂ ಕಂಡು ಬಾ ಎನ್ನುತ್ತಾರೆ. ಭೀಷ್ಮ ಶರಶಯ್ಯೆಯಲ್ಲಿದ್ದಾನೆ. ಅವನ ಬಳಿಗೆ ಹೋಗುವ ದಾರಿ ಹೆಣಗಳ ನಡುವೆಯೇ. ಹನ್ನೊಂದು ಅಕ್ಷೌಹಿಣಿಗೆ ಒಡೆಯನಾಗಿದ್ದವನಿಗೆ ಈಗ ರಥವಿಲ್ಲ, ಛತ್ರ ಚಾಮರಗಳಿಲ್ಲ. ಕೈಯಲ್ಲಿ ಗದೆ, ಪಕ್ಕದಲ್ಲಿ ಸಂಜಯ.

ದಾರಿಯುದ್ದಕ್ಕೂ ಗುಡ್ಡದಂತೆ ಬಿದ್ದ ಆನೆಗಳು, ಮುರಿದ ತೇರುಗಳು, ಕಾಲು ಜಾರಿಸುವ ನೆತ್ತರು. ಈ ಬಯಲಿನ ಈಗಿನ ಒಕ್ಕಲಿಗರು ಮರುಳುಗಳು. ಹಳಗನ್ನಡದಲ್ಲಿ ಮರುಳ್ ಎಂದರೆ ಪಿಶಾಚಿ, ಹೆಣ ತಿನ್ನುವ ಭೂತ. ಹುಚ್ಚ ಎಂಬ ಅರ್ಥವೂ ಅದಕ್ಕಿತ್ತು. ಹೊಸಗನ್ನಡದ ಆಡುಮಾತಿನಲ್ಲಿ ಎರಡನೆಯದೇ ಹೆಚ್ಚಾಗಿ ಉಳಿದು ಭೂತ ಕಳಚಿಕೊಂಡಿದೆ. ರನ್ನನಿಗೆ ಮಾತ್ರ ಎರಡೂ ಅರ್ಥ ಬೇಕಾಗಿದ್ದವು. ರಣದಲ್ಲಿ ಎದುರಾಗುವ ಮರುಳು ದುರ್ಯೋಧನನನ್ನು ಹಂಗಿಸುವಾಗ ಆಟವೆಲ್ಲ ಈ ಒಂದು ಶಬ್ದದ ಮೇಲೆಯೇ. ಇಲ್ಲಿ ಮರುಳು ಯಾರು? ಹೆಣ ತಿನ್ನುವ ನಾವೋ, ಹೆಣಗಳನ್ನು ಒಟ್ಟಿದ ನೀನೋ? ದೊರೆಗೆ ಸಿಟ್ಟು ಬರುತ್ತದೆ. ಸಂಜಯ ಸಮಾಧಾನ ಹೇಳಿ ಮುಂದಕ್ಕೆ ಕರೆದೊಯ್ಯುತ್ತಾನೆ. ಭೂಮಂಡಲಕ್ಕೆ ಅರಸನಾಗಿದ್ದವನು ಒಂದು ದೆವ್ವದ ಬಾಯಿಗೆ ಸಿಕ್ಕು ಉತ್ತರ ಕೊಡಲಾಗದೆ ನಿಲ್ಲುವ ಈ ಗಳಿಗೆಯಲ್ಲಿ ನಗುವೂ ಇದೆ, ನಡುಕವೂ ಇದೆ.

ಆಮೇಲೆ ಒಂದೊಂದಾಗಿ ಹೆಣಗಳು ಎದುರಾಗುತ್ತವೆ. ಭೂತ ಬಂಗಲೆಯ ತಿರುವುಗಳಂತೆ ಎಂದರೆ ಕಾವ್ಯಪ್ರಿಯರಿಗೆ ಅಪಚಾರವೆನಿಸೀತು, ಆದರೆ ಕಟ್ಟೋಣ ಅದೇ. ಮೊದಲು ದ್ರೋಣ. ಧೃಷ್ಟದ್ಯುಮ್ನ ಮುಡಿಗೆ ಕೈಹಾಕಿ ಕೊಂದ ಗುರು. ಬಿಲ್ಲು ಹಿಡಿದ ದ್ರೋಣನನ್ನು ಗೆಲ್ಲುವವರು ಯಾರೂ ಇರಲಿಲ್ಲ, ಅವನು ಬಿಲ್ಲು ಕೆಳಗಿಟ್ಟಿದ್ದೇ ಎಲ್ಲಕ್ಕೂ ಕಾರಣ ಎಂಬ ಸಂಕಟ ಶಿಷ್ಯನದು. ಮುಂದೆ ಅಭಿಮನ್ಯು. ಇವನು ಶತ್ರುವಿನ ಮಗ, ದುರ್ಯೋಧನನ ಕಡೆಯವರೇ ಮುತ್ತಿ ಕೊಂದ ಹುಡುಗ. ಆದರೂ ದುರ್ಯೋಧನ ಅವನ ಮುಂದೆ ನಿಂತು ಕೈಮುಗಿಯುತ್ತಾನೆ. ನಿನ್ನ ಪರಾಕ್ರಮದ ಒಂದು ಪಾಲಾದರೂ ಇರುವ ಮರಣ ನನಗೆ ಬರಲಿ ಎಂದು ಕೇಳಿಕೊಳ್ಳುತ್ತಾನೆ. ಕಾವ್ಯದ ಅತ್ಯುತ್ತಮ ಸ್ಥಳಗಳಲ್ಲಿ ಇದೊಂದು.

ಅಭಿಮನ್ಯುವಿನ ನಂತರ ಸ್ವಂತ ಮಗ ಲಕ್ಷಣಕುಮಾರ. ಮಗ ಅಪ್ಪನಿಗೆ ತರ್ಪಣದ ನೀರು ಬಿಡುವುದು ಲೋಕದ ರೂಢಿ, ಅಪ್ಪ ಮಗನಿಗೆ ಬಿಡುವಂತಾಯಿತಲ್ಲ ಎಂಬುದು ಆ ತಂದೆಯ ಅಳಲು. ಅಲ್ಲಿಂದ ದುಃಶಾಸನ. ಭೀಮ ಎದೆ ಬಗೆದು ನೆತ್ತರು ಕುಡಿದ ತಮ್ಮ. ಇಲ್ಲಿ ರನ್ನ ಎಲ್ಲರೂ ನಿರೀಕ್ಷಿಸುವ ಪ್ರತೀಕಾರದ ಕೂಗಿಗಿಂತ ಮೊದಲು ಒಂದು ಮನೆಯ ಮಾತನ್ನು ಹೇಳಿಸುತ್ತಾನೆ. ತಾಯ ಮೊಲೆವಾಲಿನಿಂದ ಹಿಡಿದು ಎಲ್ಲವೂ ಮೊದಲು ಅಣ್ಣನಿಗೆ, ಆಮೇಲೆ ನಿನಗೆ ಆಗುತ್ತಿತ್ತು, ಸಾವೊಂದರಲ್ಲಿ ಮಾತ್ರ ನೀನು ಅಣ್ಣನಿಗಿಂತ ಮುಂದೆ ಹೋಗಿ ವಿನಯ ಮೀರಿದೆ. ಹೆಣದ ಮುಂದೆ ನಿಂತು ತಮ್ಮನ ಮೇಲೆ ಹೊರಿಸುವ ಈ ಪುಟ್ಟ ದೂರಿನಲ್ಲಿ ಇರುವ ದುಃಖ ಎದೆ ಬಡಿದುಕೊಂಡು ಅಳುವುದರಲ್ಲಿ ಇರಲಾರದು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೊನೆಗೆ ಕರ್ಣ. ಅವನು ಯಾರ ಮಗನೆಂಬುದು ಕುಂತಿಗೆ ಗೊತ್ತಿತ್ತು, ಕೃಷ್ಣನಿಗೆ, ಸೂರ್ಯನಿಗೆ, ಜ್ಞಾನಿ ಸಹದೇವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು ಎಂದು ದುರ್ಯೋಧನ ಹೇಳಿಬಿಡುತ್ತಾನೆ. ಅಂದರೆ ಗೆಳೆಯ ಪಾಂಡವರ ಅಣ್ಣನೆಂದು ತಿಳಿದೇ ಅವನನ್ನು ಜೊತೆಗಿಟ್ಟುಕೊಂಡಿದ್ದ, ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಯುದ್ಧಕ್ಕೆ ಕಳಿಸಿದ್ದ. ಈ ಮಾತನ್ನು ಸ್ನೇಹದ ಪರಾಕಾಷ್ಠೆ ಎಂದೂ ಓದಬಹುದು, ತಪ್ಪೊಪ್ಪಿಗೆ ಎಂದೂ ಓದಬಹುದು. ಬದುಕಿದ್ದವರ ಮುಂದೆ ಆಡಲಾಗದ ಮಾತನ್ನು ಸತ್ತವನ ಮುಂದೆ ಆಡಲು ಅವನಿಗೆ ಈ ಸ್ಮಶಾನವೇ ಬೇಕಾಯಿತು.

ಹೆಣ, ನೆತ್ತರು, ಭೂತಗಳು ರನ್ನನ ಸ್ವಂತ ಕಲ್ಪನೆಯೇನಲ್ಲ. 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ ಪಂಪನ ಹದಿಮೂರನೆಯ ಆಶ್ವಾಸವೇ ಅವನ ಕಾವ್ಯಕ್ಕೆ ಬೀಜ. ಸಂಸ್ಕೃತದಲ್ಲಿ ಭಾಸನ 'ಊರುಭಂಗ', ಭಟ್ಟನಾರಾಯಣನ 'ವೇಣೀಸಂಹಾರ' ಇದ್ದವು. 'ವೇಣೀಸಂಹಾರ'ದ ಮೂರನೆಯ ಅಂಕ ತೆರೆಯುವುದೇ ರಣರಂಗದಲ್ಲಿ ಔತಣ ನಡೆಸಿರುವ ರಾಕ್ಷಸ ದಂಪತಿಗಳಿಂದ. ಗಂಡನ ಹೆಸರು ರುಧಿರಪ್ರಿಯ, ಹೆಂಡತಿ ವಸಾಗಂಧೆ. ಒಬ್ಬನಿಗೆ ನೆತ್ತರು ಇಷ್ಟ, ಇನ್ನೊಬ್ಬಳ ಮೈಯೆಲ್ಲ ಕೊಬ್ಬಿನ ವಾಸನೆ! ರನ್ನನ ನಂತರ ತಮಿಳಿನಲ್ಲಿ ಜಯಂಕೊಂಡಾರ್ 'ಕಲಿಂಗತ್ತುಪ್ಪರಣಿ' ಬರೆದಾಗ ಕಳಿಂಗದ ರಣರಂಗದಲ್ಲಿ ಪಿಶಾಚಿಗಳೆಲ್ಲ ಸೇರಿ ಕಾಳಿಗೆ ಗಂಜಿ ಬೇಯಿಸುವ ದೊಡ್ಡ ಅಡುಗೆಮನೆಯನ್ನೇ ಹೂಡಿದ. ಭರತನ ನಾಟ್ಯಶಾಸ್ತ್ರ ಬೀಭತ್ಸಕ್ಕೆ ನೀಲಿ, ಭಯಾನಕಕ್ಕೆ ಕಪ್ಪು ಎಂದು ಬಣ್ಣಗಳನ್ನೂ ಗೊತ್ತು ಮಾಡಿತ್ತು. ಅಸಹ್ಯವೂ ಅಂಜಿಕೆಯೂ ರಸವಾಗಬಲ್ಲವು ಎಂಬುದನ್ನು ನಮ್ಮ ಹಿಂದಿನವರು ಒಪ್ಪಿಕೊಂಡಿದ್ದರು.

ಅಮೆರಿಕ ಅಷ್ಟು ಸುಲಭವಾಗಿ ಒಪ್ಪಲಿಲ್ಲ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಚಿತ್ರಕಥೆಗಳು ಮಕ್ಕಳನ್ನು ಕೆಡಿಸುತ್ತಿವೆ ಎಂದು ಪುಸ್ತಕ ಬರೆದ. ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ಸಂಹಿತೆ ಮಾಡಿಕೊಂಡರು. ಹೆಣ ತಿನ್ನುವ ಭೂತ, ರಕ್ತಪಿಶಾಚಿ, ಎದ್ದು ನಡೆಯುವ ಶವ ಎಲ್ಲಕ್ಕೂ ನಿಷೇಧ ಬಂತು, ಶೀರ್ಷಿಕೆಯಲ್ಲಿ 'ಹಾರರ್' ಎಂಬ ಪದವನ್ನೂ ಬಳಸುವಂತಿರಲಿಲ್ಲ. ಇ.ಸಿ. ಸಂಸ್ಥೆಯ ಭಯದ ಪತ್ರಿಕೆಗಳು ನಿಂತುಹೋದವು. ಅದೇ ಸಂಸ್ಥೆ ಯುದ್ಧದ ಚಿತ್ರಕಥೆಗಳನ್ನೂ ಹೊರಡಿಸುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಕೊರಿಯಾ ಯುದ್ಧ ನಡೆದಿರುವಾಗಲೇ, 1952ರಲ್ಲಿ, ಹಾರ್ವಿ ಕರ್ಟ್ಜ್‌ಮನ್ ಇಮ್ಜಿನ್ ನದಿಯಲ್ಲಿ ತೇಲಿಹೋಗುವ ಒಂದು ಹೆಣದ ಕತೆಯನ್ನು ಚಿತ್ರಿಸಿದ. ಅದರಲ್ಲಿ ದೆವ್ವವಿಲ್ಲ. ಕೊಂದವನು, ಸತ್ತವನು, ನದಿ, ಇಷ್ಟೇ. ಭಯದ ಕತೆಗೂ ಯುದ್ಧದ ಕತೆಗೂ ನಡುವಿನ ಗೋಡೆ ಎಷ್ಟು ತೆಳುವೆಂಬುದು ಅಲ್ಲಿ ಕಾಣುತ್ತದೆ.

ರನ್ನನ ಕಾಲದಲ್ಲಿ ಆ ಗೋಡೆಯೇ ಇರಲಿಲ್ಲ. ಅವನ ಮರುಳುಗಳನ್ನು ಬರೀ ಕವಿಸಮಯವೆಂದು ತಳ್ಳಿಹಾಕುವವರು ಅವನ ಸುತ್ತಲಿನ ವರ್ಷಗಳನ್ನು ಒಮ್ಮೆ ನೋಡಬೇಕು. ಅವನಿಗೆ ಇಪ್ಪತ್ಮೂರರ ಹರೆಯವಿದ್ದಾಗ, 972ರಲ್ಲಿ, ಮಾಳವದ ಪರಮಾರ ಸೀಯಕ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆಮಾಡಿದ. ಮರುವರ್ಷ ತೈಲಪ ರಾಷ್ಟ್ರಕೂಟರನ್ನು ಕಿತ್ತೊಗೆದ. ಆಮೇಲೆ ಪರಮಾರ ಮುಂಜನೊಂದಿಗೆ ಕಾಳಗ. ಸತ್ಯಾಶ್ರಯನ ಕಾಲಕ್ಕೆ ಚೋಳರ ದಂಡು ಬಂತು. ಈಗಿನ ಹಾವೇರಿ ಜಿಲ್ಲೆಯ ಹೊಟ್ಟೂರಿನ 1007ರ ಶಾಸನ ಆ ದಂಡಯಾತ್ರೆಯನ್ನು ಬಣ್ಣಿಸುತ್ತದೆ. ಒಂಬತ್ತು ಲಕ್ಷ ಸೈನ್ಯದೊಡನೆ ಬಂದ ಚೋಳ ನಾಡನ್ನೆಲ್ಲ ಸೂರೆಗೊಂಡು ಹೆಂಗಸರು, ಮಕ್ಕಳು, ಬ್ರಾಹ್ಮಣರೆನ್ನದೆ ಕೊಂದನೆಂದು ಅದು ದೂರುತ್ತದೆ. ಲಕ್ಷಗಳ ಲೆಕ್ಕದಲ್ಲಿ ಶಾಸನಕವಿಯ ಕೈ ಉದಾರವಾಗಿರಬಹುದು, ಸೋತವರ ಮನೆಗಳ ಲೆಕ್ಕದಲ್ಲಿ ಹಾಗಾಗಿರಲಿಕ್ಕಿಲ್ಲ. ಗದಾಯುದ್ಧ ಈ ಶಾಸನಕ್ಕಿಂತ ಮೊದಲೇ ರಚನೆಯಾಗಿದ್ದರೂ ಕವಿ ಬದುಕಿದ ಕಾಲ ಇಂಥದು. ಕೃಷ್ಣೆ-ಘಟಪ್ರಭೆಯರ ನಡುವಿನ ಊರವನಿಗೆ ಸುಟ್ಟ ಊರು, ಹದ್ದು ಸುತ್ತುವ ಬಯಲು ಪುಸ್ತಕದಿಂದ ತಿಳಿಯಬೇಕಾದ ಸಂಗತಿಗಳಾಗಿರಲಿಲ್ಲ.

ಇದೇ ನಾಡಿನಲ್ಲಿ ಹೊಲದ ಬದುವಿನಲ್ಲಿ, ಗುಡಿಯ ಪಕ್ಕದಲ್ಲಿ ನಿಂತಿರುವ ವೀರಗಲ್ಲುಗಳನ್ನೂ ಇಲ್ಲಿ ನೆನೆಯಬಹುದು. ಅವೂ ಒಂದು ಬಗೆಯ ಚಿತ್ರಕಥೆಗಳೇ. ಸಾಮಾನ್ಯವಾಗಿ ಮೂರು ಪಟ್ಟಿಗಳು, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸನ್ನಿಧಿ. ಕಲ್ಲುಕುಟಿಗ ಮೊದಲ ಪಟ್ಟಿಯಿಂದ ಎರಡನೆಯದಕ್ಕೆ ನೇರವಾಗಿ ಹಾರುತ್ತಾನೆ. ಕೊಯ್ದ ಕೊರಳಿಗೂ ಅಪ್ಸರೆಯ ತೋಳಿಗೂ ನಡುವೆ ಒಂದು ರಾತ್ರಿ ಇರುತ್ತದೆ, ನರಿಗಳು ಬರುವ ರಾತ್ರಿ. ಅದಕ್ಕೆ ಕಲ್ಲಿನಲ್ಲಿ ಜಾಗವಿಲ್ಲ. ಸತ್ತವನ ಮನೆಯವರು ಕೊಡಿಸಿದ ಕಲ್ಲಿನಲ್ಲಿ ಅದು ಇರಬಾರದು ಕೂಡ. ಆ ಬಿಟ್ಟುಹೋದ ಪಟ್ಟಿಯನ್ನು ಬರೆದವನು ರನ್ನ.

ಬರೆದದ್ದು ಯಾರಿಗಾಗಿ ಎಂಬ ಪ್ರಶ್ನೆ ಇಲ್ಲೇ ಹುಟ್ಟುತ್ತದೆ. ಗೆದ್ದ ಅರಸನ ಆಸ್ಥಾನದಲ್ಲಿ, ಗೆದ್ದವನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಇದು. ಕೊನೆಯಲ್ಲಿ ದ್ರೌಪದಿಯ ಮುಡಿ ಕಟ್ಟಿ, ಧರ್ಮರಾಯನ ಬದಲು ಭೀಮನಿಗೇ ಪಟ್ಟಾಭಿಷೇಕ ಮಾಡಿಸಿ ಕವಿ ತನ್ನ ಋಣ ತೀರಿಸುತ್ತಾನೆ. ಆದರೆ ಓದುಗ ಭೀಮನ ಜೊತೆ ನಡೆಯುವುದಿಲ್ಲ. ಹೆಣಗಳ ದಾರಿಯನ್ನು ಅವನು ದಾಟುವುದು ದುರ್ಯೋಧನನ ಹೆಜ್ಜೆಯಲ್ಲಿ. ಜೊತೆಗೆ ನಡೆದವನನ್ನು ಪೂರ್ತಿ ದ್ವೇಷಿಸುವುದು ಕಷ್ಟ. ಬಿ.ಎಂ. ಶ್ರೀಕಂಠಯ್ಯನವರು ಇದನ್ನು ಚೆನ್ನಾಗಿ ಗುರುತಿಸಿದರು. ಗ್ರೀಕ್ ದುರಂತ ನಾಟಕಗಳನ್ನು ಅರೆದು ಕುಡಿದಿದ್ದ ಅವರು 1926ರಲ್ಲಿ ರನ್ನನ ಪದ್ಯಗಳನ್ನೇ ಹೆಣೆದು 'ಗದಾಯುದ್ಧ ನಾಟಕಂ' ರೂಪಿಸಿದಾಗ ದುರ್ಯೋಧನನೇ ದುರಂತನಾಯಕನಾಗಿ ಎದ್ದು ನಿಂತ. ಕವಿಯ ಉದ್ದೇಶ ಅದಲ್ಲ, ಭೀಮನೇ ನಾಯಕ, ದುರ್ಯೋಧನನನ್ನು ಎತ್ತರಿಸಿದ್ದು ಗೆದ್ದವನನ್ನು ಇನ್ನೂ ಎತ್ತರಿಸಲಿಕ್ಕೆ ಎಂದು ವಾದಿಸಿದವರೂ ಇದ್ದಾರೆ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಬರೀ ಗೆದ್ದವನ ಹೊಗಳಿಕೆಗಾಗಿ ತಮ್ಮನ ಹೆಣದ ಮುಂದೆ ಆ ಮೊಲೆವಾಲಿನ ಮಾತು ಬೇಕಾಗಿರಲಿಲ್ಲ.

ತೀ.ನಂ. ಶ್ರೀಕಂಠಯ್ಯನವರ 'ಗದಾಯುದ್ಧ ಸಂಗ್ರಹಂ' ಮೂಲಕ ಈ ಕಾವ್ಯ ಹಲವು ತಲೆಮಾರುಗಳ ಕಾಲೇಜು ವಿದ್ಯಾರ್ಥಿಗಳಿಗೆ ತಲುಪಿತು. ಪಠ್ಯಗಳಲ್ಲಿ ಹೆಚ್ಚಾಗಿ ಆಯ್ದುಕೊಳ್ಳುವುದು ದುರ್ಯೋಧನನ ವಿಲಾಪದ ಪದ್ಯಗಳನ್ನು. ಮರುಳುಗಳು ಹೊರಗೇ ಉಳಿಯುತ್ತವೆ. ಇದು ಒಂದು ನಷ್ಟವೇ. ಭೂತ ಹಂಗಿಸಿದ ಕಿವಿಯಲ್ಲೇ ಅವನು ಆಮೇಲೆ ಸತ್ತವರ ಮೌನವನ್ನು ಕೇಳುವುದು. ಮೊದಲನೆಯದನ್ನು ತೆಗೆದರೆ ಎರಡನೆಯದು ಬರೀ ಗೋಳಾಗುತ್ತದೆ. ಮುಧೋಳದಲ್ಲಿ ನಡೆದಿರುವ 'ರನ್ನ ವೈಭವ' ಉತ್ಸವಗಳಲ್ಲಿ ಕವಿಯ ಹೆಸರಿನ ಮೆರವಣಿಗೆ, ಗೋಷ್ಠಿ, ಕುಸ್ತಿ ಎಲ್ಲವೂ ಆಗಿವೆ. ಆ ರಣರಂಗದ ನಡಿಗೆಯನ್ನು, ಮರುಳುಗಳ ಸಮೇತ, ಚಿತ್ರಪಟಗಳಲ್ಲಿ ಮಕ್ಕಳ ಕೈಗೆ ಕೊಡಬಲ್ಲ ಕಲಾವಿದರು ಆ ಸೀಮೆಯಲ್ಲಿ ಇಲ್ಲದಿಲ್ಲ.

ಇತ್ತ ದುರ್ಯೋಧನ ಶರಶಯ್ಯೆಯ ಬಳಿ ತಲುಪುತ್ತಾನೆ. ಇಷ್ಟು ಹೊತ್ತು ಮಾತಾಡಿದ್ದಕ್ಕೆಲ್ಲ ಉತ್ತರ ಕೊಡದ ಹೆಣಗಳನ್ನು ದಾಟಿ ಬಂದವನಿಗೆ ಇಲ್ಲಿ ಒಬ್ಬ ಉತ್ತರ ಕೊಡುತ್ತಾನೆ. ಭೀಷ್ಮನೂ ಸಂಧಿಯ ಮಾತನ್ನೇ ಆಡುತ್ತಾನೆ. ಮೊಮ್ಮಗ ಒಪ್ಪದಿದ್ದಾಗ, ಒಂದು ದಿನದ ಮಟ್ಟಿಗೆ ವೈಶಂಪಾಯನ ಸರೋವರದಲ್ಲಿ ಅಡಗಿರು ಎಂದು ಜಲಮಂತ್ರವನ್ನು ಉಪದೇಶಿಸುತ್ತಾನೆ. ಅರಸ ನೀರಿಗಿಳಿಯುತ್ತಾನೆ. ದಡದಲ್ಲಿ ನಿಂತು ಭೀಮ ಗರ್ಜಿಸಿದಾಗ, ಆ ತಣ್ಣನೆಯ ಕೊಳದ ತಳದಲ್ಲೂ ಅವನ ಮೈ ಬೆವರುತ್ತದೆ.